ಅಡ್ಮಿನ್ ತಾನೇ ಎರಡನೆಯ ಸ್ಥಾನದಲ್ಲಿರುವಾಗ ಮೊದಲ ಸ್ಥಾನದವರ ಟ್ರೇಡ್ (ಆಟಗಾರರ ಅದಲುಬದಲು) ರದ್ದು ಮಾಡಬಹುದೇ?

ಸೋಮೇಶ್ವರಪುರಂ ಸ್ಟ್ರೈಕರ್ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ತುಮಕೂರಿನ ನಾವು ಹತ್ತು ಜನ ಗೆಳೆಯರು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲನ್ನು ಆಧರಿಸಿ ನಾಲ್ಕು ವರ್ಷಗಳಿಂದ ಒಂದು ಫ್ಯಾಂಟಸಿ ಲೀಗ್ ನಡೆಸಿಕೊಂಡು ಬಂದಿದ್ದೇವೆ. ನಿಜವಾದ ಆಟಗಾರರನ್ನು ನಮ್ಮ ಕಾಲ್ಪನಿಕ ತಂಡಕ್ಕೆ ಆರಿಸಿಕೊಳ್ಳುವುದು, ಅವರು ಪಂದ್ಯಗಳಲ್ಲಿ ಆಡಿದಂತೆ ನಮಗೆ ಅಂಕ, ಇಷ್ಟೇ ಆಟ. ನಮ್ಮಲ್ಲಿ ಏಳು ಜನ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಪಾಸ್‌ದಾರರು. ಲೀಗ್ ಹುಟ್ಟಿದ್ದೂ ಆ ಬೋಗಿಯಲ್ಲಿಯೇ, ಈಗ ಮನಸ್ತಾಪ ಹುಟ್ಟಿರುವುದೂ ಅಲ್ಲಿಯೇ. ಲೀಗ್‌ನ ಅಡ್ಮಿನ್ ನಾನು. ತೀರ್ಮಾನ ನನ್ನ ಕೈಯಲ್ಲಿದೆ, ಆದರೆ ಆ ತೀರ್ಮಾನ ಮಾಡುವ ಹಕ್ಕು ನನಗಿದೆಯೇ ಎಂಬುದೇ ನನ್ನ ಪ್ರಶ್ನೆ. ಬರಹ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ ಅಭಿಪ್ರಾಯ ತಿಳಿಸಿ.

ನಮ್ಮದು ನೂರು ಮಿಲಿಯನ್ ಬಜೆಟ್ಟಿನಲ್ಲಿ ಯಾರು ಬೇಕಾದರೂ ಯಾವ ಆಟಗಾರನನ್ನಾದರೂ ಕೊಳ್ಳಬಹುದಾದ ಸಾಮಾನ್ಯ ಆಟವಲ್ಲ, ಡ್ರಾಫ್ಟ್ ಮಾದರಿಯದು. ಇದರಲ್ಲಿ ಒಬ್ಬ ಆಟಗಾರ ಒಂದೇ ತಂಡದಲ್ಲಿ ಇರಲು ಸಾಧ್ಯ. ಇಬ್ಬರು ಗೋಲಿಗಳು (ಗೋಲ್‌ಕೀಪರ್‌ಗಳು), ಐವರು ಡಿಫೆಂಡರ್‌ಗಳು, ಐವರು ಮಿಡ್‌ಫೀಲ್ಡರ್‌ಗಳು, ಮೂವರು ಫಾರ್ವರ್ಡ್‌ಗಳು ಹೀಗೆ ಹದಿನೈದು ಜನರನ್ನು ಸರದಿಯಂತೆ ಆರಿಸಿಕೊಳ್ಳುತ್ತೇವೆ. ಸರದಿ ಹಾವಿನಂತೆ ಹೋಗಿ ಹಾವಿನಂತೆ ಮರಳುತ್ತದೆ, ಅಂದರೆ ಮೊದಲ ಚೀಟಿ ಸಿಕ್ಕವರಿಗೆ ಒಂದನೆಯ ಆಯ್ಕೆಯ ನಂತರ ಇಪ್ಪತ್ತನೆಯ ಮತ್ತು ಇಪ್ಪತ್ತೊಂದನೆಯ ಆಯ್ಕೆ ಬರುತ್ತದೆ. 2025ರ ಆಗಸ್ಟ್‌ನಲ್ಲಿ ನಮ್ಮ ಮನೆಯ ಮಹಡಿಯ ಮೇಲೆ ಕುಳಿತು, ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿದಾಗ ಮೊದಲ ಚೀಟಿ ಬಂದದ್ದು ಈಗ ಪಟ್ಟಿಯ ತುದಿಯಲ್ಲಿರುವ ಗೆಳೆಯನಿಗೆ. ಹಿಂದಿನ ಋತುವಿನಲ್ಲಿ 29 ಗೋಲು ಹೊಡೆದು, 18 ಗೋಲುಗಳಿಗೆ ನೆರವಾಗಿ, 344 ಫ್ಯಾಂಟಸಿ ಅಂಕಗಳ ದಾಖಲೆ ಬರೆದಿದ್ದ ಲಿವರ್‌ಪೂಲ್‌ನ ಮೊಹಮ್ಮದ್ ಸಲಾನನ್ನು ಅವನು ಕಣ್ಣು ಮುಚ್ಚಿಕೊಂಡು ಆರಿಸಿಕೊಂಡ. ನಾವ್ಯಾರೇ ಆ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆವು.

ಪ್ರತಿ ವಾರ ಇಬ್ಬಿಬ್ಬರು ಎದುರುಬದುರಾಗುತ್ತೇವೆ, ಆ ವಾರ ಯಾರ ಆಟಗಾರರು ಹೆಚ್ಚು ಅಂಕ ತರುತ್ತಾರೋ ಅವರು ಗೆದ್ದಂತೆ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಹದಿನೈದು ವಾರ ಮುಗಿದಾಗ ಆ ಗೆಳೆಯನಿಗೆ 33 ಅಂಕ, ನನಗೆ 31, ಕೊನೆಯ ಸ್ಥಾನದಲ್ಲಿರುವ ಹುಡುಗನಿಗೆ 9. ಈ ಕೊನೆಯ ಸ್ಥಾನದ ಹುಡುಗ ಮೊದಲ ಸ್ಥಾನದವನ ಬಾಮೈದ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಬೆಳಿಗ್ಗೆ ರೈಲು ಹಿರೇಹಳ್ಳಿ ದಾಟುತ್ತಿದ್ದಾಗ ನನ್ನ ಮೊಬೈಲಿಗೆ ಸೂಚನೆ ಬಂತು. ಬಾಮೈದ ತನ್ನ ಬಳಿಯಿದ್ದ ಆರ್ಸೆನಲ್‌ನ ಬುಕಾಯೊ ಸಾಕಾನನ್ನು ಭಾವನಿಗೆ ಕೊಟ್ಟು, ಸಲಾನನ್ನು ತೆಗೆದುಕೊಳ್ಳಲು ಒಪ್ಪಿದ್ದಾನೆ. ಕಾಗದದ ಮೇಲೆ ಇಬ್ಬರೂ ಮಿಡ್‌ಫೀಲ್ಡರ್‌ಗಳು, ಇಬ್ಬರೂ ದೊಡ್ಡ ಹೆಸರುಗಳು. ಆದರೆ ವೆಸ್ಟ್ ಹ್ಯಾಮ್, ಸಂಡರ್‌ಲ್ಯಾಂಡ್, ಲೀಡ್ಸ್ ವಿರುದ್ಧದ ಕಳೆದ ಮೂರು ಪಂದ್ಯಗಳಲ್ಲಿ ಸಲಾ ಆರಂಭಿಕ ಹನ್ನೊಂದರಲ್ಲಿಯೇ ಇರಲಿಲ್ಲ. ಅದರ ಮೇಲೆ ಡಿಸೆಂಬರ್ 21ರಿಂದ ಜನವರಿ 18ರವರೆಗೆ ಮೊರಾಕ್ಕೊದಲ್ಲಿ ದೇಶಗಳ ನಡುವಿನ ಆಫ್ರಿಕಾ ಕಪ್ ಇದೆ. ಸಲಾನ ದೇಶ ಈಜಿಪ್ಟ್ ಕೊನೆಯವರೆಗೂ ಉಳಿದರೆ ಹದಿನೇಳನೆಯ ವಾರದಿಂದ ಇಪ್ಪತ್ತೆರಡನೆಯ ವಾರದವರೆಗೆ ಆರು ವಾರ ಅವನು ಲಿವರ್‌ಪೂಲ್ ಪರ ಆಡುವುದೇ ಇಲ್ಲ. ಆ ಆರು ವಾರಗಳ ಖಾಲಿ ಜಾಗ ಭಾವನಿಂದ ಬಾಮೈದನಿಗೆ ವರ್ಗವಾಯಿತು, ಬಾಮೈದನ ಸಾಕಾ ಭಾವನಿಗೆ ಬಂದ. ನಾನು ಭಾವನನ್ನು ಎದುರಿಸಬೇಕಾಗಿರುವುದು ಸರಿಯಾಗಿ ಹದಿನೇಳನೆಯ ವಾರದಲ್ಲಿ.

ಬೋಗಿಯಲ್ಲಿ ಕೂಡಲೇ ಎರಡು ಪಕ್ಷಗಳಾದವು. "ಇದು ಮನೆಯೊಳಗಿನ ವ್ಯವಹಾರ, ರದ್ದು ಮಾಡಿ" ಎಂದು ನಾಲ್ಕು ಜನ ಹೇಳಿದರು. "ಒಬ್ಬರು ಕೊಟ್ಟರು, ಒಬ್ಬರು ತೆಗೆದುಕೊಂಡರು, ನಡುವೆ ನಿಮ್ಮದೇನು?" ಎಂದು ಇಬ್ಬರು ಕೇಳಿದರು. ನಮ್ಮ ನಿಯಮಗಳನ್ನು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇವೆ. ಅದರ ಮೂರನೆಯ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಒಂದು ಸಾಲಿದೆ: "ಅನ್ಯಾಯವೆನಿಸಿದ ಟ್ರೇಡನ್ನು ಅಡ್ಮಿನ್ ರದ್ದು ಮಾಡಬಹುದು." ಇದಕ್ಕಿಂತ ಹೆಚ್ಚೇನೂ ಇಲ್ಲ. ಯಾರಿಗೆ ಅನ್ಯಾಯವೆನಿಸಿದರೆ, ಯಾವ ಆಧಾರದ ಮೇಲೆ, ಎಷ್ಟು ದಿನದೊಳಗೆ ಎಂಬುದನ್ನು ಅಂದು ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ನನಗೆ ಈ ಟ್ರೇಡ್ ಅನ್ಯಾಯವೆಂದೇ ಅನಿಸುತ್ತಿದೆ. ಆದರೆ ನಾನು ಎರಡನೆಯ ಸ್ಥಾನದಲ್ಲಿರದಿದ್ದರೆ ಹಾಗೆ ಅನಿಸುತ್ತಿತ್ತೇ ಎಂದು ಎರಡು ರಾತ್ರಿಯಿಂದ ಯೋಚಿಸುತ್ತಿದ್ದೇನೆ. ತಂಡ ಬದಲಿಸಲು ಈ ವಾರ ಇರುವ ಡೆಡ್‌ಲೈನಿಗೆ ಒಂದು ದಿನ ಮೊದಲು ನಾನು ಹೌದು ಅಥವಾ ಇಲ್ಲ ಎನ್ನಬೇಕು. ಅನುಭವವಿರುವವರು ದಾರಿ ತೋರಿಸಿ.

---

ರಾಬರ್ಟ್‌ಸನ್‌ಪೇಟೆ ರೆಫರಿ

ನಮಸ್ಕಾರ. ಕೆ.ಜಿ.ಎಫ್.ನಲ್ಲಿ ನಾವು ಎಂಟು ಜನರ ಡ್ರಾಫ್ಟ್ ಲೀಗ್ ನಡೆಸುತ್ತೇವೆ. ನೀವು ಈಗ ನಿಂತಿರುವ ಜಾಗದಲ್ಲಿ ನಾನು ಎರಡು ವರ್ಷಗಳ ಹಿಂದೆ ನಿಂತಿದ್ದೆ, ತಪ್ಪು ತೀರ್ಮಾನ ಮಾಡಿದೆ. ಆದ್ದರಿಂದ ಅದನ್ನೇ ಹೇಳುತ್ತೇನೆ.

2023ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಸದಸ್ಯನೊಬ್ಬ ಮಾರ್ಕಸ್ ರಾಶ್‌ಫರ್ಡ್‌ನನ್ನು ಬಿಟ್ಟುಕೊಟ್ಟು ಕೋಲ್ ಪಾಮರ್‌ನನ್ನು ಕೇಳಿದ. ರಾಶ್‌ಫರ್ಡ್ ಅದರ ಹಿಂದಿನ ಋತುವಿನಲ್ಲಿ ಲೀಗ್‌ನಲ್ಲಿ 17 ಗೋಲು ಹೊಡೆದಿದ್ದವನು. ಪಾಮರ್ ಮ್ಯಾಂಚೆಸ್ಟರ್ ಸಿಟಿಯಿಂದ ಚೆಲ್ಸಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ, ಚೆಲ್ಸಿ ಪರ ಲೀಗ್‌ನಲ್ಲಿ ಒಂದು ಗೋಲನ್ನೂ ಹೊಡೆದಿರಲಿಲ್ಲ. ರಾಶ್‌ಫರ್ಡ್‌ನನ್ನು ಪಡೆಯಲಿದ್ದವನು ಕೇಳಿದವನ ಆಪ್ತ ಗೆಳೆಯ. ಉಳಿದವರೆಲ್ಲ "ಇದು ಒಳ ಒಪ್ಪಂದ" ಎಂದು ಎದ್ದು ನಿಂತರು. ನಾನು ಅವರ ಮಾತಿಗೆ ಕಟ್ಟುಬಿದ್ದು ಟ್ರೇಡ್ ರದ್ದು ಮಾಡಿದೆ. ಆ ಋತು ಮುಗಿಯುವಾಗ ಪಾಮರ್ 22 ಗೋಲು ಹೊಡೆದಿದ್ದ, ರಾಶ್‌ಫರ್ಡ್ 7. ನಾವು ಮೋಸವೆಂದು ಕರೆದದ್ದು, ನಮ್ಮೆಲ್ಲರಿಗಿಂತ ಚೆನ್ನಾಗಿ ಆಟವನ್ನು ಗಮನಿಸಿದ್ದ ಒಬ್ಬನ ಎಣಿಕೆಯಾಗಿತ್ತು. ಅವನು ಮರುವರ್ಷ ಲೀಗಿಗೆ ಬರಲಿಲ್ಲ. ಕರೆದಾಗ ಜಗಳವನ್ನೂ ಆಡಲಿಲ್ಲ, "ಬೇಡ ಬಿಡಿ" ಎಂದಷ್ಟೇ ಹೇಳಿದ. ಅದು ನನಗೆ ಈಗಲೂ ನೋವು ಕೊಡುತ್ತದೆ.

ಅಂದಿನಿಂದ ನಾವು ಒಂದೇ ಪ್ರಶ್ನೆ ಕೇಳುತ್ತೇವೆ. ಟ್ರೇಡ್ ಮಾಡಿದ ಇಬ್ಬರಲ್ಲಿ ಪ್ರತಿಯೊಬ್ಬರೂ "ಇದರಿಂದ ನನ್ನ ತಂಡಕ್ಕೆ ಹೀಗೆ ಲಾಭ" ಎಂದು ತನ್ನ ತಂಡದ ಮಟ್ಟಿಗೆ ವಿವರಿಸಬಲ್ಲರೇ? ವಿವರಿಸಬಲ್ಲರಾದರೆ, ಆ ವಿವರಣೆ ನಮಗೆ ಎಷ್ಟೇ ದುರ್ಬಲವಾಗಿ ಕಂಡರೂ ಟ್ರೇಡ್ ಉಳಿಯುತ್ತದೆ. ಕೆಟ್ಟ ತೀರ್ಮಾನ ಬೇರೆ, ಕೈಜೋಡಿಸಿ ಮಾಡುವ ಮೋಸ ಬೇರೆ. ಮೊದಲನೆಯದನ್ನು ತಡೆಯಲು ಹೊರಟ ಅಡ್ಮಿನ್ ಹತ್ತೂ ತಂಡಗಳನ್ನು ತಾನೇ ಆಡಿಸಬೇಕಾಗುತ್ತದೆ. ಒಬ್ಬರು ಪಡೆದು ಇನ್ನೊಬ್ಬರು ಸುಮ್ಮನೆ ಕೊಡುವುದು, ಈ ವಾರ ಕೊಟ್ಟು ಮುಂದಿನ ವಾರ ಹಿಂದಕ್ಕೆ ಪಡೆಯುವುದು, ಆಟದ ಹೊರಗಿನ ಯಾವುದೋ ಋಣಕ್ಕೆ ಆಟಗಾರನನ್ನು ಕೊಡುವುದು, ಈ ಮೂರು ಕಂಡರೆ ಮಾತ್ರ ವೀಟೊ.

ನಿಮ್ಮ ಬರಹದಲ್ಲಿ ಒಂದು ಕೊರತೆ ಕಾಣುತ್ತಿದೆ. ಆ ಹುಡುಗನನ್ನು ನೀವು ಕಾರಣ ಕೇಳಿದಿರಾ? ಕೇಳಿದ್ದೀರೆಂದು ಎಲ್ಲಿಯೂ ಬರೆದಿಲ್ಲ.

---

ಕೋಲಾರದ ಗೋಲಿ

ರೆಫರಿಯವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿಲ್ಲ. ಎದುರುಬದುರು ಆಡುವ ಲೀಗ್‌ನಲ್ಲಿ ಒಂದು ಟ್ರೇಡ್ ಇಬ್ಬರಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂಬುದನ್ನು ಅವರು ಬಿಟ್ಟಿದ್ದಾರೆ.

ಲೆಕ್ಕ ನೋಡಿ. ಹತ್ತು ತಂಡಗಳೆಂದರೆ ಪ್ರತಿಯೊಬ್ಬರಿಗೂ ಒಂಬತ್ತು ಎದುರಾಳಿಗಳು, ಒಂದು ಸುತ್ತಿಗೆ ಒಂಬತ್ತು ವಾರ. ಮೂವತ್ತೆಂಟು ವಾರಗಳಲ್ಲಿ ನಾಲ್ಕು ಪೂರ್ತಿ ಸುತ್ತು ಮುಗಿದು ಎರಡು ವಾರ ಉಳಿಯುತ್ತವೆ. ನೀವು ಈಗ ಎರಡನೆಯ ಸುತ್ತಿನ ಆರನೆಯ ಪಂದ್ಯ ಮುಗಿಸಿದ್ದೀರಿ. ಈ ಸುತ್ತಿನಲ್ಲಿ ಆರು ಜನ ಭಾವನನ್ನು ಸಾಕಾ ಇಲ್ಲದೆ, ಮಂಕಾಗಿದ್ದ ಸಲಾನೊಂದಿಗೆ ಎದುರಿಸಿ ಆಯಿತು. ಇನ್ನುಳಿದ ಮೂವರು, ಅಂದರೆ ನೀವೂ ಸೇರಿ, ಹೆಚ್ಚು ಬಲಿಷ್ಠ ತಂಡವನ್ನು ಎದುರಿಸುತ್ತೀರಿ. ಇನ್ನೊಂದು ಕಡೆ ಬಾಮೈದನ ವಿರುದ್ಧ ಮುಂದಿನ ಆರು ವಾರ ಆಡುವವರಿಗೆ ಸುಲಭದ ಗೆಲುವು. ಇಬ್ಬರು ಮಾಡಿಕೊಂಡ ವ್ಯವಹಾರದ ಖರ್ಚು ಮೂರನೆಯವರ ಲೆಕ್ಕಕ್ಕೆ ಬೀಳುವಾಗ ಆ ಮೂರನೆಯವರಿಗೆ ಮಾತನಾಡುವ ಹಕ್ಕು ಇರಲೇಬೇಕು.

ಇನ್ನೊಂದು ಮಾತು. ಪಟ್ಟಿಯ ತಳದಲ್ಲಿರುವವರು ಡಿಸೆಂಬರ್ ಹೊತ್ತಿಗೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಸ್ಥಿತಿಗೆ ಬಂದಿರುತ್ತಾರೆ. ಅವರು ಉದ್ದೇಶಪೂರ್ವಕವಾಗಿ ಮೋಸ ಮಾಡದಿದ್ದರೂ, ತಮಗೆ ಬೇಕಾದವರು ಗೆಲ್ಲಲಿ ಎಂಬ ಆಸೆ ಮನಸ್ಸಿನ ಮೂಲೆಯಲ್ಲಿ ಕೆಲಸ ಮಾಡುತ್ತದೆ. ಆದ್ದರಿಂದಲೇ ಅಮೆರಿಕದ ಫ್ಯಾಂಟಸಿ ಲೀಗ್‌ಗಳಲ್ಲಿ ಟ್ರೇಡಿಗೆ ಒಂದು ಕೊನೆಯ ದಿನಾಂಕ ಇಡುವ ರೂಢಿಯಿದೆ. ಆ ದಿನ ದಾಟಿದರೆ ಯಾರೂ ಯಾರಿಗೂ ಆಟಗಾರರನ್ನು ಕೊಡುವಂತಿಲ್ಲ. ನಿಮ್ಮಲ್ಲಿ ಅಂಥ ದಿನಾಂಕವೂ ಇಲ್ಲ, ನೆಂಟರ ನಡುವಿನ ಟ್ರೇಡಿಗೆ ಪ್ರತ್ಯೇಕ ನಿಯಮವೂ ಇಲ್ಲ.

ಕೊನೆಯದಾಗಿ, ಲೀಗಿಗೆ ದುಡ್ಡು ಕಟ್ಟಿಸಿಕೊಂಡಿದ್ದೀರಾ? ದುಡ್ಡಿದ್ದರೆ ಈ ಚರ್ಚೆಯ ಸ್ವರೂಪವೇ ಬೇರೆಯಾಗುತ್ತದೆ.

---

ಸೋಮೇಶ್ವರಪುರಂ ಸ್ಟ್ರೈಕರ್

ಗೋಲಿಯವರ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದುಡ್ಡಿಲ್ಲ. ಮೊದಲ ಮೂರು ವರ್ಷ ತಲಾ ಇನ್ನೂರು ರೂಪಾಯಿ ಹಾಕುತ್ತಿದ್ದೆವು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿದ್ದು ನಮಗೆ ಗೊತ್ತಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನೇ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿ, ಡ್ರೀಮ್ ಇಲೆವೆನ್‌ನಂಥ ದೊಡ್ಡ ಆ್ಯಪ್‌ಗಳೇ ಹಣ ಕಟ್ಟುವ ಸ್ಪರ್ಧೆಗಳನ್ನು ನಿಲ್ಲಿಸಿದ ಮೇಲೆ, ಗೆಳೆಯರ ಗುಂಪಿನಲ್ಲಿಯೂ ಹಣದ ಸೋಂಕೇ ಬೇಡವೆಂದು ಎಲ್ಲರೂ ಸೇರಿ ನಿರ್ಧರಿಸಿದೆವು. ಈಗ ಉಳಿದಿರುವುದು ಒಂದೇ ಪಣ. ಋತು ಮುಗಿದ ಮೇಲಿನ ಭಾನುವಾರ ಕೊನೆಯ ಸ್ಥಾನದವರು ಕ್ಯಾತ್ಸಂದ್ರದಲ್ಲಿ ಎಲ್ಲರಿಗೂ ತಟ್ಟೆ ಇಡ್ಲಿ ಕೊಡಿಸಬೇಕು.

ರೆಫರಿಯವರೇ, ಹುಡುಗನನ್ನು ನಾನು ಕೇಳಲಿಲ್ಲ, ಅದು ನಿಜ. ಈ ಚರ್ಚೆಯ ಕೊಂಡಿಯನ್ನು ಈಗಷ್ಟೇ ಅವನಿಗೆ ಕಳಿಸಿದ್ದೇನೆ.

---

ನಂದಿ ತಪ್ಪಲಿನ ಮೇಷ್ಟ್ರು

ಚಿಕ್ಕಬಳ್ಳಾಪುರದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಫ್ಯಾಂಟಸಿ ಆಟವನ್ನು ಮಗನಿಂದ ಕಲಿತೆ, ಈಗ ಅವನಿಗಿಂತ ನಾನೇ ಹೆಚ್ಚು ಆಡುತ್ತೇನೆ. ಟ್ರೇಡ್ ನ್ಯಾಯವೋ ಅನ್ಯಾಯವೋ ಎಂಬುದನ್ನು ನೀವೆಲ್ಲ ಸಾಕಷ್ಟು ಚರ್ಚಿಸಿದ್ದೀರಿ. ಪ್ರಶ್ನೆ ಕೇಳಿದವರು ಕೇಳಿದ್ದು ಅದನ್ನಲ್ಲ. ತೀರ್ಪು ಕೊಡುವವನು ಯಾರಾಗಿರಬೇಕು ಎಂಬುದು ಅವರ ಪ್ರಶ್ನೆ, ಅದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ.

ನಮ್ಮ ಕಡೆ ಊರಹಬ್ಬದಲ್ಲಿ ಕಬಡ್ಡಿ ಪಂದ್ಯ ಇಟ್ಟರೆ ಅಂಪೈರನ್ನು ಪಕ್ಕದ ಹೋಬಳಿಯಿಂದ ಕರೆಸುತ್ತಾರೆ. ಊರಿನಲ್ಲಿ ನಿಯಮ ಬಲ್ಲವರು ಇಲ್ಲವೆಂದಲ್ಲ. ಫೈನಲ್ಲಿನ ಕೊನೆಯ ರೈಡಿನಲ್ಲಿ ರೈಡರ್‌ನ ಕಾಲಿನ ಹೆಬ್ಬೆರಳು ಗೆರೆ ದಾಟಿತೋ ಇಲ್ಲವೋ ಎಂಬ ಪ್ರಶ್ನೆ ಬಂದಾಗ, ಸರಿಯಾದ ತೀರ್ಪು ಕೊಟ್ಟರೂ ಊರಿನವನ ತೀರ್ಪನ್ನು ಸೋತವರು ನಂಬುವುದಿಲ್ಲ. ನಾನೇ ಒಮ್ಮೆ ಶಾಲಾ ಪಂದ್ಯದಲ್ಲಿ ನನ್ನ ಶಾಲೆಯ ಹುಡುಗರ ಆಟಕ್ಕೆ ಅನಿವಾರ್ಯವಾಗಿ ಸೀಟಿ ಹಿಡಿದೆ. ಗೆರೆ ದಾಟಿದ್ದನ್ನು ಕಣ್ಣಾರೆ ಕಂಡು ಎದುರಾಳಿ ರೈಡರ್‌ನನ್ನು ಔಟ್ ಕೊಟ್ಟೆ. ಸುಣ್ಣದ ಗೆರೆಯ ಆಚೆ ಅವನ ಹೆಬ್ಬೆರಳಿನ ಗುರುತು ಸ್ಪಷ್ಟವಾಗಿತ್ತು. ಆದರೂ ಆ ಹುಡುಗ ನನ್ನ ಮುಖ ನೋಡದೆ, ನನ್ನ ಎದೆಯ ಮೇಲಿದ್ದ ಶಾಲೆಯ ಲಾಂಛನವನ್ನು ನೋಡಿಕೊಂಡು ಹೊರಗೆ ನಡೆದ. ಆ ನೋಟ ನನಗೆ ಇಂದಿಗೂ ನೆನಪಿದೆ.

ಆದ್ದರಿಂದ ನೀವು ಈ ಟ್ರೇಡನ್ನು ರದ್ದು ಮಾಡಬಾರದು. ಟ್ರೇಡ್ ಸರಿಯಾಗಿದೆಯೆಂದು ನಾನು ಹೇಳುತ್ತಿಲ್ಲ. ಎರಡು ಅಂಕ ಹಿಂದಿರುವ ನೀವು ಎಷ್ಟೇ ಪ್ರಾಮಾಣಿಕವಾಗಿ ರದ್ದು ಮಾಡಿದರೂ, ನಾಳೆ ನೀವು ಲೀಗ್ ಗೆದ್ದರೆ ಆ ಗೆಲುವಿನ ಮೇಲೆ ಇದರ ನೆರಳು ಉಳಿಯುತ್ತದೆ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನಲು ಒಬ್ಬನೇ ಒಬ್ಬ ಬಾಯಿ ತೆರೆದರೂ ಸಾಕು.

ಇನ್ನು ನಿಯಮದ ಮಾತು. ಚೀಟಿ ವ್ಯವಹಾರ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಹರಾಜು ಯಾವಾಗ ಕೂಗಬೇಕು, ಕಸರು (ಚೀಟಿ ಎತ್ತಿದವರು ಬಿಟ್ಟುಕೊಟ್ಟ ಹಣ) ಹೇಗೆ ಹಂಚಬೇಕು, ತಪ್ಪಿದವರಿಗೆ ಏನು ಎಂಬ ಮಾತೆಲ್ಲ ಮೊದಲ ತಿಂಗಳಿಗೂ ಮುಂಚೆಯೇ ಆಗಿರುತ್ತದೆ. ಏಳನೆಯ ತಿಂಗಳಲ್ಲಿ ಒಬ್ಬರು ಚೀಟಿ ಎತ್ತಿದ ಮೇಲೆ ಹೊಸ ಮಾತು ಹುಟ್ಟಿಸಿದರೆ ಚೀಟಿಯೇ ಮುರಿಯುತ್ತದೆ. ಅಧಿಕೃತ ಫ್ಯಾಂಟಸಿ ಪ್ರೀಮಿಯರ್ ಲೀಗ್‌ನವರು ಈ ಋತುವಿನಲ್ಲಿ ಎಷ್ಟೊಂದು ಬದಲಾವಣೆ ಮಾಡಿದರು! ಡಿಫೆಂಡರ್ ಒಂದು ಪಂದ್ಯದಲ್ಲಿ ಟ್ಯಾಕಲ್, ತಡೆ ಇತ್ಯಾದಿ ಹತ್ತು ರಕ್ಷಣಾ ಕೆಲಸ ಮಾಡಿದರೆ ಎರಡು ಅಂಕ, ಮಿಡ್‌ಫೀಲ್ಡರ್ ಮತ್ತು ಫಾರ್ವರ್ಡ್‌ಗಳಿಗೆ ಹನ್ನೆರಡಾದರೆ ಎರಡು ಅಂಕ ಎಂಬ ಹೊಸ ನಿಯಮ ತಂದರು. ಆಫ್ರಿಕಾ ಕಪ್ಪಿನಿಂದ ತೊಂದರೆಯಾಗುತ್ತದೆಂದು ಸಾಮಾನ್ಯ ಆಟದಲ್ಲಿ ಹದಿನಾರನೆಯ ವಾರಕ್ಕೆ ಎಲ್ಲರ ಉಚಿತ ವರ್ಗಾವಣೆಗಳನ್ನು (ಅಂಕ ಕಳೆದುಕೊಳ್ಳದೆ ಆಟಗಾರರನ್ನು ಬದಲಿಸುವ ಅವಕಾಶಗಳನ್ನು) ಐದಕ್ಕೆ ಏರಿಸಿದರು. ಯಾರೂ ಜಗಳವಾಡಲಿಲ್ಲ, ಏಕೆಂದರೆ ಎರಡನ್ನೂ ಋತು ಆರಂಭವಾಗುವ ಮೊದಲೇ ಹೇಳಿದ್ದರು, ಎರಡೂ ಎಲ್ಲರಿಗೂ ಒಂದೇ ರೀತಿ ಅನ್ವಯಿಸುತ್ತಿದ್ದವು.

ಗೋಲಿಯವರು ಹೇಳಿದ ಕೊನೆಯ ದಿನಾಂಕದ ನಿಯಮ ಒಳ್ಳೆಯದು. ಅದನ್ನು ಬರೆದುಕೊಳ್ಳಿ, ಮುಂದಿನ ಆಗಸ್ಟ್‌ನಿಂದ ಜಾರಿಗೆ ತನ್ನಿ. ಈ ಟ್ರೇಡಿಗೆ ಅದನ್ನು ಹಿಂದಕ್ಕೆ ಎಳೆದು ಅನ್ವಯಿಸಬೇಡಿ.

---

ಹತ್ತನೇ ಸ್ಥಾನ

ನಮಸ್ಕಾರ. ಸಾಕಾನನ್ನು ಕೊಟ್ಟವನು ನಾನೇ. ಅಣ್ಣ ಕೊಂಡಿ ಕಳಿಸಿದ ಮೇಲೆ ಎಲ್ಲವನ್ನೂ ಓದಿದೆ. ನನ್ನ ಬಗ್ಗೆ ಇಷ್ಟು ಜನ ಮಾತನಾಡಿದ್ದನ್ನು ಓದುವಾಗ ಮೊದಲು ಬೇಸರವಾಯಿತು, ರೆಫರಿಯವರ ಪಾಮರ್ ಕಥೆ ಓದಿದ ಮೇಲೆ ಬರೆಯುವ ಧೈರ್ಯ ಬಂತು.

ನಾನು ಹದಿನೈದು ವಾರಗಳಲ್ಲಿ ಮೂರು ಗೆದ್ದಿದ್ದೇನೆ. ಒಂಬತ್ತನೆಯ ಸ್ಥಾನದವರಿಗೆ 12 ಅಂಕ, ಅಂದರೆ ನನಗಿಂತ ಒಂದೇ ಗೆಲುವು ಹೆಚ್ಚು. ಕೋಲಾರದವರು ಹೇಳಿದಂತೆ ನಾನು ಲೆಕ್ಕಕ್ಕಿಲ್ಲದವನಲ್ಲ, ತಟ್ಟೆ ಇಡ್ಲಿಯ ಬಿಲ್ಲಿನಿಂದ ಪಾರಾಗಲು ಪ್ರತಿ ವಾರವೂ ಆಡುತ್ತಿದ್ದೇನೆ. ನನ್ನ ತಂಡದ ತೊಂದರೆ ಏನೆಂದರೆ, ಎಲ್ಲರೂ ವಾರಕ್ಕೆ ನಾಲ್ಕೈದು ಅಂಕ ತರುವವರೇ, ಒಂದೇ ವಾರದಲ್ಲಿ ಹದಿನೈದು ತಂದು ಪಂದ್ಯ ತಿರುಗಿಸುವವರು ಯಾರೂ ಇಲ್ಲ. ಎದುರುಬದುರು ಆಟದಲ್ಲಿ ಪ್ರತಿ ವಾರ ನಾಲ್ಕು ಅಂಕದಿಂದ ಸೋತರೂ ಸೋಲೇ, ನಲವತ್ತರಿಂದ ಸೋತರೂ ಸೋಲೇ. ಆದ್ದರಿಂದ ಆರು ವಾರ ಹೇಗಿದ್ದರೂ ಸೋಲುವ ನಾನು, ಆ ಆರು ವಾರ ಕೊಟ್ಟು ಉಳಿದ ಹದಿನಾರು ವಾರಗಳಿಗೆ ಸಲಾನನ್ನು ಕೊಂಡುಕೊಂಡೆ. ಜನವರಿ ಕೊನೆಯಲ್ಲಿ ಅವನು ಹಿಂದಿರುಗಿ ಹಳೆಯ ಆಟ ಆಡಿದರೆ ನಾನು ಒಂಬತ್ತಕ್ಕೋ ಎಂಟಕ್ಕೋ ಏರುತ್ತೇನೆ. ಆಡದಿದ್ದರೆ ಈಗ ಇರುವ ಜಾಗದಲ್ಲಿಯೇ ಇರುತ್ತೇನೆ, ಅದಕ್ಕಿಂತ ಕೆಳಗೆ ಜಾಗವಿಲ್ಲ. ಮೊದಲ ಸ್ಥಾನದಲ್ಲಿರುವ ಭಾವನಿಗೆ ಆರು ವಾರ ಕಾಯಲು ಆಗುವುದಿಲ್ಲ, ಕೊನೆಯಲ್ಲಿರುವ ನನಗೆ ಆಗುತ್ತದೆ. ಸಲಾ ಇಬ್ಬರಿಗೂ ಒಂದೇ ಬೆಲೆಯ ಆಟಗಾರನಲ್ಲ.

ಇನ್ನೊಂದು ವಿಷಯವನ್ನು ಅಣ್ಣ ಬರೆದಿಲ್ಲ. ನವೆಂಬರ್ ಕೊನೆಯ ವಾರದಲ್ಲಿ ನಾನು ನಮ್ಮ ವಾಟ್ಸಾಪ್ ಗುಂಪಿನಲ್ಲಿ "ಸಾಕಾನನ್ನು ಕೊಡುತ್ತೇನೆ, ದೊಡ್ಡ ಆಟಗಾರ ಯಾರನ್ನಾದರೂ ಕೊಡುವಿರಾ?" ಎಂದು ಕೇಳಿದ್ದೆ. ಒಂಬತ್ತು ಜನರೂ ಓದಿದ್ದರು. ಉತ್ತರ ಕೊಟ್ಟದ್ದು ಭಾವ ಒಬ್ಬರೇ, ಅದೂ ಹತ್ತು ದಿನದ ನಂತರ. ಅದಕ್ಕೂ ಮೊದಲು ಅಣ್ಣ ತಮ್ಮ ತಂಡದಿಂದ ಯಾರನ್ನಾದರೂ ಕೇಳಿದ್ದರೆ ಅವರಿಗೇ ಕೊಡುತ್ತಿದ್ದೆ. ಭಾವನ ಜೊತೆ ಮನೆಯಲ್ಲಿ ಈ ಆಟದ ಮಾತೇ ಬರುವುದಿಲ್ಲ. ಅಕ್ಕನಿಗೆ ಫುಟ್‌ಬಾಲ್ ಎಂದರೆ ಆಗುವುದಿಲ್ಲ.

ರದ್ದು ಮಾಡಿದರೂ ನಾನು ಲೀಗ್ ಬಿಡುವುದಿಲ್ಲ. ಆದರೆ "ಮನೆಯೊಳಗಿನ ವ್ಯವಹಾರ" ಎಂಬ ಮಾತನ್ನು ಬೋಗಿಯಲ್ಲಿ ಆಡಿದವರು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

---

ಕೋಲಾರದ ಗೋಲಿ

ಗುಂಪಿನಲ್ಲಿ ಎಲ್ಲರೆದುರು ಕೇಳಿದ್ದರೆಂದ ಮೇಲೆ ನನ್ನ ಆಕ್ಷೇಪದ ಮುಖ್ಯ ಭಾಗ ಬಿದ್ದುಹೋಗುತ್ತದೆ. ಮೂರನೆಯವರಿಗೆ ಅವಕಾಶವಿತ್ತು, ಅವರು ಬಳಸಿಕೊಳ್ಳಲಿಲ್ಲ. "ಲೆಕ್ಕಕ್ಕಿಲ್ಲ" ಎಂಬ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ತಮ್ಮಾ. ಟ್ರೇಡಿಗೆ ಕೊನೆಯ ದಿನಾಂಕ ಇರಬೇಕೆಂಬ ಮಾತಿಗೆ ಮಾತ್ರ ನಾನು ಈಗಲೂ ಬದ್ಧ.

---

ರಾಬರ್ಟ್‌ಸನ್‌ಪೇಟೆ ರೆಫರಿ

ಮೇಲಿನ ವಿವರಣೆ ನಾನು ಹೇಳಿದ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಸಲಾ ಈ ವಯಸ್ಸಿನಲ್ಲಿ ಹಳೆಯ ಆಟಕ್ಕೆ ಮರಳುತ್ತಾನೆಯೇ ಎಂಬ ಅನುಮಾನ ನನಗಿದೆ, ಆದರೆ ಅದು ನನ್ನ ಎಣಿಕೆ, ವೀಟೊಗೆ ಕಾರಣವಲ್ಲ.

ಸ್ಟ್ರೈಕರ್ ಅವರಿಗೆ ಇನ್ನೊಂದು ಸಲಹೆ. ನೋಟ್‌ಬುಕ್ ತೆರೆದಾಗ ಡೆಡ್‌ಲೈನಿನ ಸಮಯವನ್ನೂ ಭಾರತೀಯ ಸಮಯದಲ್ಲಿ ಬರೆದಿಡಿ. ಡೆಡ್‌ಲೈನ್ ಆ ವಾರದ ಮೊದಲ ಪಂದ್ಯಕ್ಕಿಂತ ತೊಂಬತ್ತು ನಿಮಿಷ ಮೊದಲು. ಶನಿವಾರ ಅವರ ಹನ್ನೆರಡೂವರೆಯ ಪಂದ್ಯವಿದ್ದರೆ ಈಗ ಚಳಿಗಾಲದಲ್ಲಿ ನಮಗೆ ಸಂಜೆ ನಾಲ್ಕೂವರೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ ಮೇಲೆ ಅದೇ ಡೆಡ್‌ಲೈನ್ ನಮಗೆ ಮೂರೂವರೆಗೆ ಬರುತ್ತದೆ. ನಮ್ಮಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಒಬ್ಬರಾದರೂ ನಾಲ್ಕು ಗಂಟೆಗೆ ತಂಡ ಬದಲಿಸಲು ಹೋಗಿ, ಬಾಗಿಲು ಮುಚ್ಚಿದ್ದನ್ನು ಕಂಡು ಅಡ್ಮಿನ್‌ಗೆ ಫೋನ್ ಮಾಡುತ್ತಾರೆ. ಮುಂದಿನ ಜಗಳ ಅಲ್ಲಿಂದ ಬರುತ್ತದೆ.

---

ಸೋಮೇಶ್ವರಪುರಂ ಸ್ಟ್ರೈಕರ್

ಎಲ್ಲರಿಗೂ ಧನ್ಯವಾದಗಳು. ಟ್ರೇಡಿಗೆ ಒಪ್ಪಿಗೆ ಕೊಟ್ಟಿದ್ದೇನೆ. ಸಾಕಾ ಈಗ ಭಾವನ ತಂಡದಲ್ಲಿದ್ದಾನೆ.

ಹುಡುಗ ಹೇಳಿದ ವಾಟ್ಸಾಪ್ ಸಂದೇಶವನ್ನು ಹುಡುಕಿ ನೋಡಿದೆ. ನವೆಂಬರ್ ಕೊನೆಯ ಬುಧವಾರ ರಾತ್ರಿ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬಂದಿದೆ, ಅಂದು ಅದರ ಕೆಳಗೆ ಯಾರೂ ಉತ್ತರಿಸಿಲ್ಲ. ನಾನು ಅದನ್ನು ಅಂದೇ ಓದಿದ್ದೆ. ಕೊನೆಯ ಸ್ಥಾನದವನ ತಂಡವನ್ನು ಬಲಪಡಿಸಿ ನನಗೇನು ಎಂದು ಸುಮ್ಮನಾಗಿದ್ದೆ. ಮೊದಲ ಸ್ಥಾನದವನು ಅದೇ ಸಂದೇಶವನ್ನು ಓದಿ, ಹತ್ತು ದಿನ ಯೋಚಿಸಿ ಉತ್ತರ ಕೊಟ್ಟ. ಈ ಟ್ರೇಡಿನಲ್ಲಿ ನನಗೆ ಕಂಡ ಅನ್ಯಾಯದ ಹೆಚ್ಚಿನ ಪಾಲು ಅಲ್ಲಿಯೇ ಇತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಇಂದು ಬೆಳಿಗ್ಗೆ ರೈಲಿನಲ್ಲಿ ಅದನ್ನು ಎಲ್ಲರ ಮುಂದೆ ಹೇಳಿದೆ. "ಮನೆಯೊಳಗಿನ ವ್ಯವಹಾರ" ಎಂದಿದ್ದ ಗೆಳೆಯ ದಾಬಸ್‌ಪೇಟೆ ಬರುವಷ್ಟರಲ್ಲಿ ಹುಡುಗನಿಗೆ ತಾನೇ ಫೋನ್ ಮಾಡಿ ಮಾತನಾಡಿದ.

ಮೂರನೆಯ ಪುಟದ ಆ ಸಾಲನ್ನು ಹೊಡೆದು ಹಾಕಿದ್ದೇವೆ. ಅದರ ಜಾಗಕ್ಕೆ ಬರಲಿರುವ ಕರಡು ಹೀಗಿದೆ. ಟ್ರೇಡ್ ಮಾಡಲು ಬಯಸುವವರು ಎರಡು ದಿನ ಮೊದಲು ಗುಂಪಿನಲ್ಲಿ ತಿಳಿಸಬೇಕು, ಬೇರೆಯವರು ಅದಕ್ಕಿಂತ ಒಳ್ಳೆಯ ಬೇಡಿಕೆ ಇಡಬಹುದು. ಆಕ್ಷೇಪ ಬಂದರೆ ಇಬ್ಬರೂ ತಮ್ಮ ಕಾರಣ ಬರೆಯಬೇಕು. ತೀರ್ಪನ್ನು ಆ ವಾರ ಪಟ್ಟಿಯಲ್ಲಿ ಐದರಿಂದ ಏಳನೆಯ ಸ್ಥಾನದಲ್ಲಿರುವ ಮೂವರು ಕೊಡುತ್ತಾರೆ, ಏಕೆಂದರೆ ಅವರಿಗೆ ಪ್ರಶಸ್ತಿಯ ಆಸೆಯೂ ಇಡ್ಲಿಯ ಭಯವೂ ಕಡಿಮೆ. ಆ ಮೂವರಲ್ಲಿ ಯಾರಾದರೂ ಟ್ರೇಡಿನ ಪಾಲುದಾರರಾಗಿದ್ದರೆ ನಾಲ್ಕನೆಯ ಸ್ಥಾನದವರು ಬರುತ್ತಾರೆ. ಅಡ್ಮಿನ್‌ಗೆ ಮತವಿಲ್ಲ. ಮೇಷ್ಟ್ರು ಹೇಳಿದಂತೆ ಇದೆಲ್ಲ ಮುಂದಿನ ಆಗಸ್ಟ್‌ನಿಂದ ಜಾರಿ. ಡೆಡ್‌ಲೈನಿನ ಎರಡು ಸಮಯಗಳನ್ನು ಮಾತ್ರ ಇವತ್ತೇ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಕೊನೆಯ ದಿನಾಂಕದ ವಿಷಯದಲ್ಲಿ ಇನ್ನೂ ಒಮ್ಮತವಿಲ್ಲ. ಇಪ್ಪತ್ತೇಳನೆಯ ವಾರ, ಅಂದರೆ ಮೂರನೆಯ ಸುತ್ತು ಮುಗಿದ ದಿನ, ಸಾಕೆಂದು ಆರು ಜನ ಹೇಳುತ್ತಿದ್ದಾರೆ. ಮೂವತ್ತನೆಯ ವಾರದವರೆಗೆ ಇರಲಿ ಎಂದು ಹುಡುಗ ವಾದಿಸುತ್ತಿದ್ದಾನೆ. ಗೋಲಿಯವರೇ, ನಿಮ್ಮಲ್ಲಿ ಯಾವ ವಾರ ಇಟ್ಟಿದ್ದೀರಿ ಎಂದು ತಿಳಿಸಿದರೆ ನಾಳೆಯ ರೈಲಿನಲ್ಲಿ ಅದನ್ನು ಮುಂದಿಡುತ್ತೇನೆ. ಹದಿನೇಳನೆಯ ವಾರ ಭಾವನ ವಿರುದ್ಧ ನಾನು ಯಾರನ್ನು ಬೆಂಚಿನಲ್ಲಿ ಕೂರಿಸಬೇಕು ಎಂಬುದನ್ನು ಬೇರೆ ಪ್ರಶ್ನೆಯಾಗಿ ಕೇಳುತ್ತೇನೆ, ಅವನೂ ಇದನ್ನೆಲ್ಲ ಓದುತ್ತಿದ್ದಾನೆ.